ನಮ್ಮ ವೇಗಕ್ಕೆ ಬೆಲೆ ತೆರುವವರು ಯಾರು?

ಕಳೆದ ವರ್ಷ ಯುಗಾದಿಗೆ ಒಂದು ವಾರವಿರುವಾಗ, ಸುಳ್ಯದ ಕಡೆಯಿಂದ ಮಡಿಕೇರಿಗೆ ಏರುವ ಸಂಪಾಜೆ ಘಾಟಿಯಲ್ಲಿ ನನ್ನ ಕಾರು ಏದುಸಿರು ಬಿಡತೊಡಗಿತು. 2013ರಲ್ಲಿ ಕೊಂಡ ಪೆಟ್ರೋಲ್ ಕಾರು. ಎರಡನೆಯ ಗೇರಿನಲ್ಲಿಯೂ ಮೇಲೇರಲು ಹಿಂಜರಿಯುತ್ತಿತ್ತು. ಹಿಂದಿದ್ದ ಬಸ್ಸಿನ ಚಾಲಕ ಹಾರ್ನ್ ಒತ್ತಿ ಒತ್ತಿ ಕೊನೆಗೆ ಬೇಸತ್ತು ಸುಮ್ಮನಾದ. ಬೆಂಗಳೂರಿಗೆ ಮರಳಿದ ಮಾರನೆಯ ದಿನವೇ ಪರಿಚಯದ ಗ್ಯಾರೇಜೊಂದಕ್ಕೆ ಹೋದೆ. ಮೆಕ್ಯಾನಿಕ್ ಕಾರನ್ನು ಮೇಲೆತ್ತಿ, ಕೆಳಗೆ ಹೋಗಿ ನೋಡಿ, ಕೈ ಒರೆಸಿಕೊಳ್ಳುತ್ತಾ ಬಂದು ಹೇಳಿದ: ‘ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆ ಸಾರ್. ಹೊಸದು ಹಾಕಿದರೆ ನಲವತ್ತು ಸಾವಿರ. ಬೇಡವೆಂದರೆ ಒಳಗಿನದನ್ನು ತೆಗೆದು, ಖಾಲಿ ಡಬ್ಬಿಯನ್ನೇ ಮತ್ತೆ ಬೆಸುಗೆ ಹಾಕಿ ಕೊಡುತ್ತೇನೆ. ಎರಡೂವರೆ ಸಾವಿರ. ಪಿಕಪ್ ಕೂಡ ಹೆಚ್ಚುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.’

ನಾನು ಎರಡನೆಯದನ್ನು ಆರಿಸಿಕೊಂಡೆ. ಕೆರೆಗಳ ನೊರೆಯ ಬಗ್ಗೆ, ಕಡಿದ ಮರಗಳ ಬಗ್ಗೆ ಗೆಳೆಯರೊಡನೆ ಗಂಟೆಗಟ್ಟಲೆ ಮಾತನಾಡುವವನು, ದೀಪಾವಳಿಗೆ ಪಟಾಕಿ ಬೇಡವೆಂದು ಮಕ್ಕಳಿಗೆ ಬುದ್ಧಿ ಹೇಳಿದವನು, ಈ ನಿರ್ಧಾರಕ್ಕೆ ಬರಲು ತೆಗೆದುಕೊಂಡ ಸಮಯ ಒಂದು ಲೋಟ ಚಹಾ ಕುಡಿಯುವಷ್ಟು. ಸಂಜೆ ಕಾರು ಕೈಗೆ ಬಂದಾಗ ಅದು ಹೊಸ ಕಾರಿನಂತೆಯೇ ಚಿಮ್ಮಿತು. ಆ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಈ ಲೇಖನ ಆ ಸಂತೋಷದ ಲೆಕ್ಕಪತ್ರ.

ಮೊದಲು, ನಾನು ಕಿತ್ತುಹಾಕಿಸಿದ್ದು ಏನನ್ನು ಎಂಬುದನ್ನು ಹೇಳಬೇಕು. ಎಂಜಿನ್ನಿನಿಂದ ಹೊರಬರುವ ಹೊಗೆ ಕೊಳವೆಯ ತುದಿಗೆ ಮುಟ್ಟುವ ಮುನ್ನ ಒಂದು ಉಕ್ಕಿನ ಡಬ್ಬಿಯ ಮೂಲಕ ಹಾಯುತ್ತದೆ. ಅದರೊಳಗೆ ಜೇನುಗೂಡಿನಂತೆ ಸಾವಿರಾರು ಸಣ್ಣ ಕಿಂಡಿಗಳುಳ್ಳ ಪಿಂಗಾಣಿಯ ಇಟ್ಟಿಗೆ ಇರುತ್ತದೆ. ಆ ಕಿಂಡಿಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ತೆಳುವಾದ ಲೇಪವಿರುತ್ತದೆ. ಬಿಸಿ ಹೊಗೆ ಈ ಲೋಹಗಳಿಗೆ ತಾಗಿದಾಗ ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಪೂರ್ತಿ ಉರಿಯದೆ ಉಳಿದ ಪೆಟ್ರೋಲಿನ ಆವಿ ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ನೈಟ್ರೋಜನ್ ಆಕ್ಸೈಡುಗಳು ಒಡೆದು ಗಾಳಿಯಲ್ಲಿ ಸಹಜವಾಗಿಯೇ ಇರುವ ನೈಟ್ರೋಜನ್ ಆಗುತ್ತವೆ. ಚೆನ್ನಾಗಿ ಬಿಸಿಯಾದ, ಸುಸ್ಥಿತಿಯಲ್ಲಿರುವ ಪರಿವರ್ತಕವೊಂದು ಈ ಮೂರೂ ವಿಷಗಳ ಶೇ 90ಕ್ಕಿಂತ ಹೆಚ್ಚು ಭಾಗವನ್ನು ನಿವಾರಿಸುತ್ತದೆ. ಅದರಲ್ಲಿ ಚಲಿಸುವ ಒಂದು ಭಾಗವೂ ಇಲ್ಲ. ಕನ್ನಡದ ವಿಜ್ಞಾನ ಬರಹಗಳಲ್ಲಿ ಇಂಥ ಲೋಹಗಳಿಗೆ ‘ವೇಗವರ್ಧಕ’ ಎಂಬ ಹೆಸರುಂಟು. ವೇಗ ಹೆಚ್ಚಲಿ ಎಂದು ನಾವು ಕಿತ್ತೆಸೆಯುವ ವಸ್ತುವಿಗೆ ಆ ಹೆಸರಿರುವುದು ವಿಚಿತ್ರವೇ ಸರಿ.

ಈ ಡಬ್ಬಿಯ ಹಿಂದೆ ದೊಡ್ಡದೊಂದು ಕಥೆಯಿದೆ. 1950ರ ದಶಕದಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ಕಂದು ಮಂಜು ಕವಿಯುತ್ತಿತ್ತು. ಕಾರುಗಳ ಹೊಗೆಯೂ ಬಿಸಿಲೂ ಸೇರಿ ಅದು ಉಂಟಾಗುತ್ತದೆಂದು ಹಾಗೆನ್-ಸ್ಮಿತ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಅದೇ ಕಾಲದಲ್ಲಿ, ಅಮೆರಿಕದಲ್ಲಿ ನೆಲೆಸಿದ್ದ ಫ್ರೆಂಚ್ ಎಂಜಿನಿಯರ್ ಯೂಜೀನ್ ಹೌಡ್ರಿ ಕಾರಿಗೆ ಜೋಡಿಸಬಹುದಾದ ಪರಿವರ್ತಕವನ್ನು ರೂಪಿಸಿದರು. ಆದರೆ ಅದು ರಸ್ತೆಗೆ ಇಳಿಯಲಿಲ್ಲ. ಎಂಜಿನ್ ಬಡಿತ ತಗ್ಗಿಸಲೆಂದು ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಆ ಲೋಹದ ಲೇಪವನ್ನು ಮುಚ್ಚಿ ನಿರುಪಯುಕ್ತಗೊಳಿಸುತ್ತಿತ್ತು. 1970ರಲ್ಲಿ ಅಮೆರಿಕ ತನ್ನ ವಾಯು ಕಾಯಿದೆಯನ್ನು ಬಿಗಿಗೊಳಿಸಿದ ಮೇಲೆ, 1975ರ ಮಾದರಿಯ ಕಾರುಗಳಲ್ಲಿ ಪರಿವರ್ತಕ ಬಂತು; ಅದರೊಂದಿಗೆ ಸೀಸರಹಿತ ಪೆಟ್ರೋಲೂ ಬಂತು. ನಮ್ಮಲ್ಲಿ 1995ರ ಏಪ್ರಿಲ್‌ನಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು. ಬೆಂಗಳೂರು ಆ ಮೊದಲ ಪಟ್ಟಿಯಲ್ಲಿರಲಿಲ್ಲ. 2000ದ ಹೊತ್ತಿಗೆ ಇಡೀ ದೇಶದಲ್ಲಿ ಸೀಸ ಬೆರೆತ ಪೆಟ್ರೋಲಿನ ಮಾರಾಟ ನಿಂತಿತು. ಮಕ್ಕಳ ಬುದ್ಧಿಶಕ್ತಿಯನ್ನೇ ಕುಂದಿಸುವ ಸೀಸ ನಮ್ಮ ರಸ್ತೆಗಳಿಂದ ತೊಲಗಿದ್ದರಲ್ಲಿ ಈ ಡಬ್ಬಿಗೂ ಪಾಲಿದೆ. ಅದನ್ನು ತೆಗೆಸುವಾಗ ಇದಾವುದೂ ನನ್ನ ತಲೆಗೆ ಬರಲಿಲ್ಲ.

ಇನ್ನು, ಕಾರಿನ ಶಕ್ತಿ ನಿಜಕ್ಕೂ ಹೆಚ್ಚಿತೇ? ಹೆಚ್ಚಿತು, ಆದರೆ ನಾನು ಅಂದುಕೊಂಡ ಕಾರಣಕ್ಕಲ್ಲ. ಕಿಂಡಿಗಳು ಕಟ್ಟಿಕೊಂಡ ಪರಿವರ್ತಕ ಎಂಜಿನ್ನಿನ ಉಸಿರನ್ನೇ ಬಿಗಿಹಿಡಿದಿತ್ತು. ಅಡ್ಡಿ ಹೋದ ಕೂಡಲೇ ಕಾರು ಸರಾಗವಾಯಿತು. ಹೊಸ ಪರಿವರ್ತಕ ಹಾಕಿಸಿದ್ದರೂ ಇದೇ ಸುಖ ಸಿಗುತ್ತಿತ್ತು. ಆರೋಗ್ಯವಾಗಿರುವ ಪರಿವರ್ತಕ ಇಂದಿನ ಸಾಮಾನ್ಯ ಕಾರಿನಿಂದ ಕಸಿದುಕೊಳ್ಳುವ ಶಕ್ತಿ ಬಲು ಅಲ್ಪ. ಸಿಲ್ಕ್ ಬೋರ್ಡ್ ವೃತ್ತದಲ್ಲಿ ಮುಕ್ಕಾಲು ಗಂಟೆ ನಿಲ್ಲುವ ಕಾರಿಗೆ ಆ ಅಲ್ಪದ ಲಾಭವಾದರೂ ಯಾವ ಉಪಯೋಗಕ್ಕೆ? ಪರಿವರ್ತಕ ತೆಗೆಸಿದ ಮೇಲೆ ಹೆಚ್ಚಿದಂತೆ ತೋರುವ ಶಕ್ತಿಯಲ್ಲಿ ಬಹುಪಾಲು ಹೆಚ್ಚಿದ ಸದ್ದು. ಸದ್ದನ್ನು ಸಾಮರ್ಥ್ಯವೆಂದು ಬಗೆಯುವ ಅಭ್ಯಾಸ ನಮಗೆ ರಾಜಕೀಯದಲ್ಲಷ್ಟೇ ಅಲ್ಲ, ರಸ್ತೆಯಲ್ಲಿಯೂ ಇದೆ.

ಅದಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ನಾನು ಗ್ಯಾರೇಜಿನಲ್ಲಿ ಕೇಳಲೇ ಇಲ್ಲ: ಅದು ಕಟ್ಟಿಕೊಂಡದ್ದೇಕೆ? ಪರಿವರ್ತಕ ತಾನಾಗಿ ಕೆಡುವುದು ಅಪರೂಪ. ಸಾಮಾನ್ಯವಾಗಿ ಎಂಜಿನ್ನೇ ಅದನ್ನು ಕೊಲ್ಲುತ್ತದೆ. ಸವೆದ ಪಿಸ್ಟನ್ ರಿಂಗುಗಳ ಸಂದಿನಿಂದ ಎಣ್ಣೆ ಸೋರಿ ಉರಿದರೆ ಅದರ ಬೂದಿ ಕಿಂಡಿಗಳಲ್ಲಿ ಕೂರುತ್ತದೆ. ಸ್ಪಾರ್ಕ್ ಪ್ಲಗ್ ಕೈಕೊಟ್ಟರೆ ಉರಿಯದ ಪೆಟ್ರೋಲು ಪರಿವರ್ತಕದೊಳಗೆ ಹೊತ್ತಿಕೊಂಡು ಪಿಂಗಾಣಿಯನ್ನೇ ಕರಗಿಸುತ್ತದೆ. ನನ್ನ ಕಾರು ಎಣ್ಣೆ ಕುಡಿಯುತ್ತಿತ್ತು. ಪರಿವರ್ತಕವಿಲ್ಲದ ನಾಲ್ಕು ತಿಂಗಳಲ್ಲಿ ಎರಡು ಬಾರಿ ಎಣ್ಣೆ ತುಂಬಿಸಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ನನ್ನಂಥವರಿಗಾಗಿಯೇ ಹುಟ್ಟಿರಬೇಕು.

ಇಷ್ಟರಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಹಳದಿ ದೀಪವೊಂದು ಹೊತ್ತಿಕೊಂಡಿತು. ಪರಿವರ್ತಕದ ಹಿಂದೆ ಮುಂದೆ ಕುಳಿತು ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಸಂವೇದಕಗಳಿರುತ್ತವೆ. ಎರಡರ ಲೆಕ್ಕ ಒಂದೇ ಆದರೆ ನಡುವಿನ ಡಬ್ಬಿ ಕೆಲಸ ಮಾಡುತ್ತಿಲ್ಲವೆಂದು ಕಾರಿನ ಕಂಪ್ಯೂಟರಿಗೆ ತಿಳಿಯುತ್ತದೆ. ದೀಪ ತೋರಿಸಿದಾಗ ಮೆಕ್ಯಾನಿಕ್ ನಕ್ಕ. ‘ಅದನ್ನೂ ಆರಿಸಿಬಿಡಬಹುದು ಸಾರ್, ಸಂವೇದಕಕ್ಕೆ ಒಂದು ಮರೆ ಕೊಟ್ಟರೆ ಸಾಕು.’ ಅಂದರೆ, ಕಾರು ಸತ್ಯ ಹೇಳುತ್ತಿತ್ತು. ಅದರ ಬಾಯಿ ಮುಚ್ಚಿಸಲು ಇನ್ನೊಂದಿಷ್ಟು ಹಣ ಕೊಟ್ಟರಾಯಿತು.

ಆ ವೇಳೆಗೆ ನನ್ನ ಹೊಗೆ ತಪಾಸಣೆಯ ಪ್ರಮಾಣಪತ್ರದ ಅವಧಿಯೂ ಮುಗಿದಿತ್ತು. ನಾನು ಅಳುಕುತ್ತಲೇ ತಪಾಸಣಾ ಕೇಂದ್ರವೊಂದಕ್ಕೆ ಹೋದೆ. ಬಿಎಸ್‌–4 ಮಾನದಂಡದ ಪೆಟ್ರೋಲ್ ಕಾರು ನಿಂತಲ್ಲೇ ಓಡುವಾಗ ಕಾರ್ಬನ್ ಮೊನಾಕ್ಸೈಡ್ ಶೇ 0.3ನ್ನೂ, ಹೈಡ್ರೋಕಾರ್ಬನ್ 200 ಪಿಪಿಎಮ್ ಅನ್ನೂ ಮೀರುವಂತಿಲ್ಲ ಎಂಬುದು ನಿಯಮ. ಪರಿವರ್ತಕವಿಲ್ಲದ ಕಾರು ಈ ಗೆರೆ ದಾಟದೆ ಇರುವುದು ಕಷ್ಟ. ಆದರೆ ಅಲ್ಲಿದ್ದ ಯುವಕ ಪರೀಕ್ಷೆಯ ನಳಿಗೆಯನ್ನು ಹೊಗೆಕೊಳವೆಯ ಬಾಯಿಗೆ ಸೋಕಿಸಿದಂತೆ ಮಾಡಿ, ನಂಬರ್ ಪ್ಲೇಟಿನ ಫೋಟೊ ತೆಗೆದುಕೊಂಡು, ಎರಡು ನಿಮಿಷದಲ್ಲಿ ಪ್ರಮಾಣಪತ್ರ ಕೊಟ್ಟ. ನನ್ನ ಕಾರು ಶುದ್ಧವೆಂದು ಸರ್ಕಾರದ ಮುದ್ರೆಯೇ ಬಿತ್ತು. ನೆಮ್ಮದಿಯಾಗಬೇಕಿತ್ತು. ನಾಚಿಕೆಯಾಯಿತು ಎಂದರೆ ಅತಿಶಯೋಕ್ತಿಯಾದೀತು. ಆಗ ನನಗಾದದ್ದು ನೆಮ್ಮದಿಯೇ.

ನಾಚಿಕೆ ಬಂದದ್ದು ಇನ್ನೊಂದು ಕಡೆಯಿಂದ. ನಾವಿರುವ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರುಗಳು ನಿಲ್ಲುತ್ತವೆ. ಇಳಿಜಾರಿನ ಪಕ್ಕದ ಕೋಣೆಯಲ್ಲಿ ಕಾವಲುಗಾರನ ಸಂಸಾರವಿದೆ. ರಾಯಚೂರಿನ ಕಡೆಯವರು, ಗಂಡ, ಹೆಂಡತಿ, ಐದು ವರ್ಷದ ಮಗಳು. ಕೋಣೆಗೆ ಇರುವ ಒಂದೇ ಕಿಟಕಿ ನೆಲಮಾಳಿಗೆಯೊಳಕ್ಕೆ ತೆರೆಯುತ್ತದೆ. ಒಂದು ಬೆಳಿಗ್ಗೆ ಆತ ಬಹಳ ಸಂಕೋಚದಿಂದ ಕೇಳಿದ: ‘ಸಾರ್, ನಿಮ್ ಗಾಡೀದು ಏನಾರ ರಿಪೇರಿ ಐತೇನ್ರಿ? ಯುಗಾದಿ ಆದಾಗಿಂದ ನೀವು ಹೋದ ಮ್ಯಾಲೆ ಕಣ್ಣು ಉರೀತಾವ್ರಿ. ಹುಡುಗಿ ಕೆಮ್ಮತಾಳ.’

ಆ ಮಗುವಿನ ಕೆಮ್ಮಿಗೆ ನನ್ನ ಕಾರೇ ಕಾರಣವೆಂದು ಹೇಳಲು ನನ್ನಲ್ಲಿ ಪುರಾವೆಯಿಲ್ಲ. ಅಲ್ಲಿ ನಲವತ್ತು ಕಾರುಗಳಿವೆ. ಸುಸ್ಥಿತಿಯ ಪರಿವರ್ತಕವೂ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯೇರುವವರೆಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೆಳಗಿನ ಮೊದಲ ಒಂದೆರಡು ನಿಮಿಷ ಎಲ್ಲ ಕಾರುಗಳೂ ಹೊಲಸನ್ನೇ ಉಗುಳುತ್ತವೆ. ಆದರೆ ಉಳಿದ ಮೂವತ್ತೊಂಬತ್ತು ಕಾರುಗಳ ನಡುವೆ ಯಾವುದು ಬದಲಾಯಿತು, ಯಾವಾಗಿನಿಂದ ಬದಲಾಯಿತು ಎಂಬುದನ್ನು ಆ ಮನುಷ್ಯ ಯಾವ ಯಂತ್ರದ ಸಹಾಯವೂ ಇಲ್ಲದೆ ಗುರುತಿಸಿದ್ದ. ಪ್ರಮಾಣಪತ್ರ ಕೊಟ್ಟ ಕೇಂದ್ರಕ್ಕೆ ಗೊತ್ತಾಗದ್ದು ಅವನ ಕಣ್ಣಿಗೆ ಗೊತ್ತಾಗಿತ್ತು. ‘ಯಾರಿಗೂ ಗೊತ್ತಾಗುವುದಿಲ್ಲ’ ಎಂದು ಮೆಕ್ಯಾನಿಕ್ ಹೇಳುವಾಗ ನಾವಿಬ್ಬರೂ ಅವನನ್ನು ‘ಯಾರು’ ಎಂಬುದರ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಈ ವಿಷಯದ ತಿರುಳು ಇದೇ ಎಂದು ನನಗನಿಸುತ್ತದೆ. ಪರಿವರ್ತಕ ತೆಗೆಸಿದಾಗ ಸಿಗುವ ಲಾಭ ಕಾರಿನೊಳಗೆ ಕುಳಿತವನದು. ಕಿಟಕಿ ಏರಿಸಿ, ಹವಾನಿಯಂತ್ರಕ ಹಾಕಿಕೊಂಡು ಹೋಗುವ ಅವನಿಗೆ ತನ್ನ ಹೊಗೆ ತಾಗುವುದೇ ಇಲ್ಲ. ತಾಗುವುದು ಹಿಂದಿನ ಸ್ಕೂಟರಿನವನಿಗೆ, ವೃತ್ತದಲ್ಲಿ ನಿಂತ ಪೊಲೀಸ್ ಪೇದೆಗೆ, ಸಿಗ್ನಲ್ಲಿನಲ್ಲಿ ಹೂವು ಮಾರುವ ಹೆಂಗಸಿಗೆ, ಬಸ್ಸಿಗೆ ಕಾಯುವ ಶಾಲೆಯ ಮಕ್ಕಳಿಗೆ. ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಉರಿಯದ ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರ್‌ಕಾರಕ. ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಓಜೋನ್ ಉಂಟುಮಾಡಿ ಉಬ್ಬಸದವರನ್ನು ಹಿಂಡುತ್ತವೆ. ನಮ್ಮ ಮನೆಯ ಕಸವನ್ನು ಗುಡಿಸಿ ಪಕ್ಕದ ಮನೆಯ ಅಂಗಳಕ್ಕೆ ತಳ್ಳಿದರೆ ಜಗಳವಾಗುತ್ತದೆ. ಇಲ್ಲಿ ತಳ್ಳುವುದು ಪಕ್ಕದವರ ಎದೆಯೊಳಕ್ಕೆ. ಜಗಳ ಮಾಡಲು ಅವರಿಗೆ ವಿಳಾಸವೇ ಸಿಗುವುದಿಲ್ಲ.

ಗೆಳೆಯರೊಬ್ಬರು ಆಕ್ಷೇಪಿಸಿದರು: ‘ಲಾರಿಗಳು ಕಪ್ಪು ಹೊಗೆ ಉಗುಳುತ್ತಾ ಹೋಗುವಾಗ ನಿನ್ನೊಂದು ಕಾರಿನಿಂದ ಏನಾದೀತು?’ ಲಾರಿಗಳ ಬಗ್ಗೆ ಅವರು ಹೇಳಿದ್ದು ನಿಜ. ಆದರೆ ಲೆಕ್ಕ ಹಾಕಿ ನೋಡೋಣ. ಪರಿವರ್ತಕ ಹತ್ತರಲ್ಲಿ ಒಂಬತ್ತು ಪಾಲು ವಿಷವನ್ನು ತಡೆಯುತ್ತದೆ ಎಂದಾದರೆ, ಅದಿಲ್ಲದ ಒಂದು ಕಾರು ಅದಿರುವ ಹತ್ತು ಕಾರುಗಳಿಗೆ ಸಮ. ನೂರು ಕಾರುಗಳಲ್ಲಿ ಹತ್ತರ ಪರಿವರ್ತಕ ತೆಗೆದರೆ, ಆ ಹತ್ತೇ ಉಳಿದ ತೊಂಬತ್ತಕ್ಕಿಂತ ಹೆಚ್ಚು ವಿಷ ಉಗುಳುತ್ತವೆ. ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದ ಬೆಂಗಳೂರಿನಲ್ಲಿ ಕೆಲವೇ ಕೆಲವರ ಹಟ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಇದರಿಂದ ಊಹಿಸಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜಿಸಿದಂತೆ, ಅಲ್ಲಿ ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ ವಾಹನಗಳ ಹೊಗೆ ನಿಯಂತ್ರಣ ಸಾಧನಗಳನ್ನು ಮಾಲೀಕರೇ ತೆಗೆಸಿಹಾಕಿದ್ದರು. ಸಂಪತ್ತಿಗೂ ಸಾಕ್ಷರತೆಗೂ ಕೊರತೆಯಿಲ್ಲದ ದೇಶದ ಕಥೆ ಇದು. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ತಪಾಸಣೆಯ ಹೊತ್ತಿನಲ್ಲಿ ಮಾತ್ರ ಹೊಗೆ ತಗ್ಗಿಸುವ ಸಾಫ್ಟ್‌ವೇರ್ ಅಳವಡಿಸಿ ಸಿಕ್ಕಿಬಿದ್ದಾಗ ನಾವೆಲ್ಲ ಸಿಡಿಮಿಡಿಗೊಂಡೆವು. ಎರಡೂವರೆ ಸಾವಿರ ರೂಪಾಯಿಗೆ ನಾನು ಮಾಡಿಸಿದ್ದು ಅದೇ ಮೋಸದ ಬಡ ಆವೃತ್ತಿ.

ಕಾನೂನು ಇಲ್ಲವೆಂದಲ್ಲ. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಬಳಿಕ, ವಾಯುಮಾಲಿನ್ಯದ ಮಾನದಂಡ ಉಲ್ಲಂಘಿಸುವ ವಾಹನ ಓಡಿಸಿದರೆ ಮೊದಲ ತಪ್ಪಿಗೇ ಮೂರು ತಿಂಗಳವರೆಗಿನ ಸಜೆ ಅಥವಾ 10,000 ರೂಪಾಯಿಯವರೆಗಿನ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಆದರೆ ಯಾರೂ ಬಗ್ಗಿ ನೋಡದ ಕಡೆ ಶಿಕ್ಷೆಯ ಪ್ರಮಾಣದಿಂದ ಏನು ಪ್ರಯೋಜನ? ನಮ್ಮ ತಪಾಸಣೆ ಪೆಟ್ರೋಲ್ ಕಾರುಗಳಲ್ಲಿ ಮುಖ್ಯವಾಗಿ ಕಾರ್ಬನ್ ಮೊನಾಕ್ಸೈಡನ್ನೂ ಹೈಡ್ರೋಕಾರ್ಬನ್ನನ್ನೂ ಅಳೆಯುತ್ತದೆ. ನೈಟ್ರೋಜನ್ ಆಕ್ಸೈಡುಗಳನ್ನು ಅಳೆಯುವುದಿಲ್ಲ. ಪರಿವರ್ತಕ ಇದ್ದಲ್ಲಿ ಇದೆಯೇ ಎಂದು ಅಲ್ಲಿ ಯಾರೂ ಕೇಳುವುದೂ ಇಲ್ಲ. 2020ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಿಎಸ್‌–6 ಜಾರಿಯಾಗಿದೆ. 2023ರಿಂದ ಹೊಸ ಕಾರುಗಳನ್ನು ನೈಜ ರಸ್ತೆಯಲ್ಲಿ ಓಡಿಸಿಯೂ ಪರೀಕ್ಷಿಸಲಾಗುತ್ತಿದೆ. ಕಾರ್ಖಾನೆಯ ಬಾಗಿಲಲ್ಲಿ ಇಷ್ಟೆಲ್ಲ ಕಟ್ಟುನಿಟ್ಟು ಮಾಡಿ, ಗ್ಯಾರೇಜಿನ ಬಾಗಿಲಲ್ಲಿ ಕಣ್ಣು ಮುಚ್ಚಿದರೆ ಹೇಗೆ?

ಏನು ಮಾಡಬಹುದು? ಮೊದಲನೆಯದಾಗಿ, ಹೊಗೆ ತಪಾಸಣೆಯ ವೇಳೆ ಪರಿವರ್ತಕ ಇದೆಯೇ ಎಂದು ಕಣ್ಣಾರೆ ನೋಡುವುದು ಕಡ್ಡಾಯವಾಗಲಿ. ಬ್ರಿಟನ್ನಿನಲ್ಲಿ 2014ರಿಂದ, ಡೀಸೆಲ್ ವಾಹನಕ್ಕೆ ಕಾರ್ಖಾನೆಯಲ್ಲಿ ಹಾಕಿದ್ದ ಕಣಶೋಧಕ ಕಾಣೆಯಾಗಿದ್ದರೆ ವಾಹನ ವಾರ್ಷಿಕ ತಪಾಸಣೆಯಲ್ಲಿ ನಪಾಸಾಗುತ್ತದೆ. ಜೊತೆಗೆ ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನೂ ಓದಲಿ. ಸಾಧಾರಣ ಗ್ಯಾರೇಜುಗಳಲ್ಲಿಯೂ ಇರುವ ಸಣ್ಣ ಉಪಕರಣ ಅದಕ್ಕೆ ಸಾಕು. ಖಾಲಿ ಡಬ್ಬಿ ಕಣ್ಣಿಗೆ ಮೋಸ ಮಾಡಬಹುದು. ಆದರೆ ಕಣ್ಣು, ಕಂಪ್ಯೂಟರು, ನಳಿಗೆ ಮೂರಕ್ಕೂ ಮೋಸ ಮಾಡುವುದು ಸುಲಭವಲ್ಲ.

ಎರಡನೆಯದು, ಗುಜರಿಯ ವ್ಯವಹಾರ. ನನ್ನ ಮೆಕ್ಯಾನಿಕ್ ಅಷ್ಟು ಅಗ್ಗಕ್ಕೆ ಕೆಲಸ ಮುಗಿಸಿಕೊಟ್ಟದ್ದೇಕೆಂದು ನನಗೆ ಹೊಳೆದದ್ದು ತಡವಾಗಿ. ಒಳಗಿನ ಇಟ್ಟಿಗೆಯನ್ನು ಅವನೇ ಇಟ್ಟುಕೊಂಡಿದ್ದ. 2021ರಲ್ಲಿ ರೋಡಿಯಂ ಬೆಲೆ ಔನ್ಸಿಗೆ 29,000 ಡಾಲರ್ ಸಮೀಪಿಸಿತ್ತು. ಆಮೇಲೆ ಬಹಳಷ್ಟು ಇಳಿದರೂ ಅದು ಇಂದಿಗೂ ಬೆಲೆಬಾಳುವ ಲೋಹವೇ. ಈ ಲೋಹಗಳ ಆಸೆಗೆ ವ್ಯಾನುಗಳ ಸೈಲೆನ್ಸರನ್ನೇ ಕದಿಯುವ ತಂಡಗಳನ್ನು ಗುಜರಾತ್, ಮಹಾರಾಷ್ಟ್ರಗಳಲ್ಲಿ ಪೊಲೀಸರು ಹಿಡಿದಿದ್ದಾರೆ. ಕಳ್ಳರು ರಾತ್ರಿ ಮಾಡುವ ಕೆಲಸವನ್ನು ನಾನು ಹಗಲಿನಲ್ಲಿ, ಕೈಯಿಂದ ದುಡ್ಡು ಕೊಟ್ಟು ಮಾಡಿಸಿಕೊಂಡಿದ್ದೆ. ಹಳೆಯ ಪರಿವರ್ತಕವನ್ನು ಕೊಳ್ಳುವವರು ಯಾವ ವಾಹನದಿಂದ ಬಂತೆಂದು ದಾಖಲಿಸುವಂತಾದರೆ ಈ ಎರಡೂ ಬಗೆಯ ವ್ಯವಹಾರಕ್ಕೆ ಕಡಿವಾಣ ಬೀಳುತ್ತದೆ.

ಮೂರನೆಯದು, ಬೆಲೆ. ಹನ್ನೊಂದು ವರ್ಷ ಹಳೆಯ ಕಾರಿಗೆ ನಲವತ್ತು ಸಾವಿರದ ಬಿಡಿಭಾಗ ಎಂದಾಗ ಮಧ್ಯಮ ವರ್ಗದವನ ಕೈ ಹಿಂಜರಿಯುವುದು ಸಹಜ. ಅವನನ್ನು ಬರೀ ಬೈದು ಪ್ರಯೋಜನವಿಲ್ಲ. ಹಳೆಯ ಪರಿವರ್ತಕ ಮರಳಿಸಿದರೆ ಅದರೊಳಗಿನ ಲೋಹದ ಬೆಲೆಯನ್ನು ಹೊಸದರಲ್ಲಿ ಕಳೆಯುವ ಪದ್ಧತಿಯನ್ನು ತಯಾರಕರು ಪಾರದರ್ಶಕವಾಗಿ ಜಾರಿಗೆ ತರಲಿ. ಹೊಗೆ ನಿಯಂತ್ರಣದ ಬಿಡಿಭಾಗಗಳ ಮೇಲಿನ ತೆರಿಗೆಯನ್ನು ಸರ್ಕಾರ ತಗ್ಗಿಸಲಿ. ಸರಿಯಾದ ದಾರಿ ತಪ್ಪು ದಾರಿಗಿಂತ ಹದಿನಾರು ಪಟ್ಟು ದುಬಾರಿಯಾಗಿರುವವರೆಗೆ ಬೋಧನೆಗೆ ಬೆಲೆ ಕಡಿಮೆ.

ಕೊನೆಗೆ ನಾನು ಎಂಜಿನ್ ಬಿಚ್ಚಿಸಿ ರಿಂಗುಗಳನ್ನು ಬದಲಿಸಿ, ಹೊಸ ಪರಿವರ್ತಕ ಹಾಕಿಸಿದೆ. ಮೊದಲೇ ಮಾಡಿಸಬೇಕಾಗಿದ್ದ ಕೆಲಸ. ಉಳಿಸಲು ಹೋದ ಹಣವೆಲ್ಲ ಬಡ್ಡಿಸಮೇತ ಹೋಯಿತು. ಕಳೆದ ಡಿಸೆಂಬರಿನಲ್ಲಿ ಮತ್ತೆ ಸಂಪಾಜೆ ಘಾಟಿ ಹತ್ತಿದೆವು. ಖಾಲಿ ಡಬ್ಬಿಯ ದಿನಗಳಿಗೂ ಈಗಿನದಕ್ಕೂ ಏರುವ ಶಕ್ತಿಯಲ್ಲಿ ನನಗಂತೂ ವ್ಯತ್ಯಾಸ ಕಾಣಲಿಲ್ಲ. ಸದ್ದು ಕಡಿಮೆಯಾಗಿದೆ, ಅಷ್ಟೆ.

ಕಾವಲುಗಾರನಿಗೆ ನಾನು ನಡೆದದ್ದನ್ನು ಹೇಳಿದೆ. ಅವನು ಬೈಯಲಿಲ್ಲ, ‘ಹೌದೇನ್ರಿ’ ಎಂದು ಸುಮ್ಮನಾದ. ಅವನ ಕೋಣೆಯ ಕಿಟಕಿ ಈಗಲೂ ನೆಲಮಾಳಿಗೆಯೊಳಕ್ಕೇ ತೆರೆಯುತ್ತದೆ. ಹೊರಗಿನ ಗೋಡೆಗೆ ಇನ್ನೊಂದು ಕಿಟಕಿ ಇಡಿಸುವ ಪ್ರಸ್ತಾಪವನ್ನು ನಾನು ನಿವಾಸಿಗಳ ಸಂಘದ ಮುಂದೆ ಇಟ್ಟಿದ್ದೇನೆ. ಓದುಗರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಸಲ ನಿಮ್ಮ ಕಾರು ದುರಸ್ತಿಗೆ ಹೋದಾಗ, ‘ಯಾರಿಗೂ ಗೊತ್ತಾಗುವುದಿಲ್ಲ’ ಎಂದು ಯಾರಾದರೂ ಹೇಳಿದರೆ, ಆ ಕಾರು ಪ್ರತಿದಿನ ಎಲ್ಲಿ ನಿಲ್ಲುತ್ತದೆ, ಅದರ ಹಿಂದೆ ಯಾರು ನಿಲ್ಲುತ್ತಾರೆ ಎಂಬುದನ್ನು ಒಮ್ಮೆ ನೆನಪಿಸಿಕೊಂಡು ಉತ್ತರಿಸಿ.